ಒಂದೇ ಓಟ, ಹನ್ನೆರಡು ವರ್ಷದ ಫಲಿತಾಂಶ

2012ರ ಆಗಸ್ಟ್ 10ರಂದು ಲಂಡನ್ ಒಲಿಂಪಿಕ್ಸ್‌ನ ಮಹಿಳೆಯರ 1500 ಮೀಟರ್ ಫೈನಲ್‌ನಲ್ಲಿ ಅಮೆರಿಕದ ಶಾನನ್ ರೌಬರಿ ಆರನೆಯವರಾಗಿ ಗೆರೆ ಮುಟ್ಟಿದರು. ಇಂದಿನ ಪಟ್ಟಿಯಲ್ಲಿ ಅವರದು ಮೂರನೇ ಸ್ಥಾನ. ಅಂದು ಮೊದಲ ಒಂಬತ್ತರೊಳಗೆ ಬಂದವರಲ್ಲಿ 1, 2, 4, 7 ಮತ್ತು 9ನೇ ಸ್ಥಾನದವರ ಹೆಸರು ಉದ್ದೀಪನ ಮದ್ದಿನ ಕಾರಣಕ್ಕೆ ಒಂದೊಂದಾಗಿ ಹೊಡೆದುಹೋಗಿದೆ. ಕೊನೆಯ ತಿದ್ದುಪಡಿಗೆ ದಾರಿಯಾದ ತೀರ್ಪು ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ.

ಮದ್ದಿನ ಅನುಮಾನ ಮಧ್ಯಮ ದೂರದ ಓಟವನ್ನೇ ಇಷ್ಟು ಬೆನ್ನತ್ತಲು ಕಾರಣವಿದೆ. 800 ಮೀಟರ್ ಓಡಲು ಬೇಕಾದ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಪಾಲು, 1500ರಲ್ಲಿ ಶೇ 80ಕ್ಕೂ ಹೆಚ್ಚು ಆಮ್ಲಜನಕದಿಂದ ಬರುತ್ತದೆ. ರಕ್ತದಲ್ಲಿ ಕೆಂಪುಕಣ ಹೆಚ್ಚಿದಷ್ಟೂ ಕೊನೆಯ ಸುತ್ತಿನಲ್ಲಿ ಕಾಲು ಸೋಲುವುದು ತಡ. ಮೂತ್ರಪಿಂಡದ ರೋಗಿಗಳಿಗೆಂದು 1989ರಲ್ಲಿ ಬಂದ ಇಪಿಒ ಚುಚ್ಚುಮದ್ದು ಮಾಡುವುದೂ ಅದನ್ನೇ, ಕೆಂಪುಕಣ ಹೆಚ್ಚಿಸುವುದನ್ನು.

ಅದಕ್ಕೂ ಹಿಂದಿನದು ಸ್ಟೆರಾಯ್ಡ್ ಕಾಲ. 1983ರಲ್ಲಿ ಚೆಕೊಸ್ಲೊವಾಕಿಯಾದ ಯಾರ್ಮಿಲಾ ಕ್ರಾಟೊಖ್ವಿಲೊವಾ 800 ಮೀಟರ್ ಓಡಿದ 1 ನಿಮಿಷ 53.28 ಸೆಕೆಂಡಿನ ದಾಖಲೆ ಇನ್ನೂ ನಿಂತಿದೆ. ಅವರು ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ, ಅನುಮಾನವೂ ಹೋಗಿಲ್ಲ. ಇಪಿಒ ನಿಷೇಧ ಬಂದದ್ದು 1990ರಲ್ಲಿ. ಹಿಡಿಯುವ ಪರೀಕ್ಷೆ ಬಂದದ್ದು 2000ದ ಸಿಡ್ನಿಯಲ್ಲಿ. ಹತ್ತು ವರ್ಷ ಬೇಲಿಯಿಲ್ಲದ ಹೊಲ. ಮರುವರ್ಷವೇ ರಷ್ಯಾದ ಓಟಗಾರ್ತಿ ಓಲ್ಗಾ ಯೆಗೊರೊವಾ ಅವರ ಮೂತ್ರದಲ್ಲಿ ಇಪಿಒ ಕಂಡಿತು. ಆದರೆ ನಿಯಮದಂತೆ ಜೊತೆಯಲ್ಲೇ ಆಗಬೇಕಿದ್ದ ರಕ್ತಪರೀಕ್ಷೆ ಆಗಿರಲಿಲ್ಲ. ಪ್ರಕರಣ ಬಿದ್ದುಹೋಯಿತು, ಅವರು ವಿಶ್ವ ಚಾಂಪಿಯನ್ ಆದರು.

ಮದ್ದು ಹಾಕುವವರೂ ಕಲಿತರು. ಸಣ್ಣ ಪ್ರಮಾಣದಲ್ಲಿ ರಾತ್ರಿ ನೇರ ರಕ್ತನಾಳಕ್ಕೆ ಕೊಟ್ಟರೆ ಮಾರನೆಯ ದಿನದ ಹೊತ್ತಿಗೆ ಮೂತ್ರದಲ್ಲಿ ಸುಳಿವು ಸಿಗುವುದು ಕಷ್ಟ. ಗಟ್ಟಿ ಅನುಮಾನವಿಲ್ಲದೆ ನಡುರಾತ್ರಿ ಅಥ್ಲೀಟ್‌ಗಳ ಬಾಗಿಲು ಬಡಿಯುವ ವಾಡಿಕೆಯಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಇದಕ್ಕೆ ಉತ್ತರವಾಗಿ 2009ರಲ್ಲಿ ಅಥ್ಲೆಟಿಕ್ಸ್‌ಗೆ ಜೈವಿಕ ಪಾಸ್‌ಪೋರ್ಟ್ ಬಂತು, ಅಂದರೆ ಒಬ್ಬೊಬ್ಬ ಅಥ್ಲೀಟ್‌ನ ರಕ್ತದ ಅಂಕಿಗಳ ವರ್ಷವರ್ಷದ ದಾಖಲೆ. ಇದು ಮದ್ದನ್ನು ಹುಡುಕುವುದಿಲ್ಲ, ಮದ್ದು ದೇಹದಲ್ಲಿ ಬಿಟ್ಟುಹೋದ ಹೆಜ್ಜೆ ಹುಡುಕುತ್ತದೆ. ರಕ್ತ ತೆಗೆಯುವ ಮುನ್ನ ಅಥ್ಲೀಟ್ ಹತ್ತು ನಿಮಿಷ ಪಾದ ನೆಲಕ್ಕೂರಿ ಕೂರಬೇಕು, ಏಕೆಂದರೆ ಎದ್ದು ನಿಂತರೆ, ಮಲಗಿದರೆ ರಕ್ತದ ನೀರಿನಂಶ ಬದಲಾಗಿ ಲೆಕ್ಕ ತಪ್ಪುತ್ತದೆ. ಇತ್ತೀಚೆಗೆ ಎತ್ತರದ ಪ್ರದೇಶದಲ್ಲಿ ಇದ್ದಿರಾ ಎಂದು ಫಾರಂನಲ್ಲಿ ಕೇಳುತ್ತಾರೆ, ಏಕೆಂದರೆ ಬೆಟ್ಟದ ಗಾಳಿಯೂ ಕೆಂಪುಕಣ ಏರಿಸುತ್ತದೆ. ಆಮೇಲೆ ಲೆಕ್ಕ: ಲೀಟರಿಗೆ ಎಷ್ಟು ಗ್ರಾಂ ಹಿಮೋಗ್ಲೋಬಿನ್ ಇದೆಯೋ ಅದರಿಂದ, ಎಳೆಯ ಕೆಂಪುಕಣಗಳ ಶೇಕಡಾವಾರಿನ ವರ್ಗಮೂಲವನ್ನು 60ರಿಂದ ಗುಣಿಸಿ ಕಳೆಯಬೇಕು. ಹಿಮೋಗ್ಲೋಬಿನ್ 135, ಎಳೆಯ ಕಣ ಶೇ 1 ಇದ್ದರೆ 75. ಇಪಿಒ ಹಾಕಿ ನಿಲ್ಲಿಸಿದವರಲ್ಲಿ ರಕ್ತ ದಟ್ಟವಾಗಿಯೇ ಇರುತ್ತದೆ, ಮಜ್ಜೆ ಮಾತ್ರ ಹೊಸ ಕಣ ಮಾಡುವುದನ್ನು ತಗ್ಗಿಸುತ್ತದೆ. ಅದೇ ದೇಹದಲ್ಲಿ 145 ಮತ್ತು ಶೇ 0.25 ಕಂಡರೆ ಅಂಕ 115. ತಜ್ಞರು ಹುಬ್ಬೇರಿಸುವುದು ಇಂಥ ಜಿಗಿತ ಕಂಡಾಗ.

ಲಂಡನ್ನಿನಲ್ಲಿ ಗೆದ್ದ ಟರ್ಕಿಯ ಅಸ್ಲಿ ಚಾಕಿರ್ ಆಲ್ಪ್‌ತೆಕಿನ್ ಸಿಕ್ಕಿಬಿದ್ದದ್ದು ಪಾಸ್‌ಪೋರ್ಟ್‌ನಿಂದಲೇ. ಎಳೆ ವಯಸ್ಸಿನಲ್ಲೇ ಒಮ್ಮೆ ನಿಷೇಧ ಕಂಡಿದ್ದವರು ಅವರು. 2013ರಲ್ಲಿ ಅವರದೇ ದೇಶದ ಫೆಡರೇಷನ್ ನಿರ್ದೋಷಿ ಎಂದಿತು. ಅಂತರರಾಷ್ಟ್ರೀಯ ಸಂಸ್ಥೆ ಕ್ರೀಡಾ ನ್ಯಾಯಮಂಡಳಿಗೆ ಹೋದ ಮೇಲೆ 2015ರಲ್ಲಿ ಎಂಟು ವರ್ಷದ ನಿಷೇಧ. ತನ್ನ ಪದಕ ತಾನೇ ಕಿತ್ತುಕೊಳ್ಳಿ ಎಂದರೆ ಯಾವ ಫೆಡರೇಷನ್ನಿಗೆ ಮನಸ್ಸು ಬಂದೀತು? 2017ರಲ್ಲಿ, ಮದ್ದಿನ ಪ್ರಕರಣಗಳನ್ನು ಸ್ವತಂತ್ರವಾಗಿ ನೋಡುವ ಅಥ್ಲೆಟಿಕ್ಸ್ ಇಂಟೆಗ್ರಿಟಿ ಯೂನಿಟ್ ಬಂದದ್ದು ಈ ಗಂಟು ಬಿಡಿಸಲು, ತಡವಾಗಿಯಾದರೂ.

ಎರಡನೆಯವರಾಗಿದ್ದ ಟರ್ಕಿಯ ಗಾಮ್ಜೆ ಬುಲುತ್ ಹೆಸರು 2017ರಲ್ಲಿ ಪಟ್ಟಿಯಿಂದ ಹೋಯಿತು. ನಾಲ್ಕನೇ ಸ್ಥಾನದಿಂದ ಮೇಲೇರಿದ್ದ ರಷ್ಯಾದ ತತ್ಯಾನಾ ತೊಮಾಶೊವಾ, 2008ರಲ್ಲಿ ಮೂತ್ರದ ಮಾದರಿ ಬದಲಿಸಿದ ಪ್ರಕರಣದಲ್ಲಿ ಶಿಕ್ಷೆ ಮುಗಿಸಿ ಬಂದವರು. ಅವರನ್ನು ಕೆಳಗಿಳಿಸಿದ್ದು ಲಂಡನ್ನಿನ ಶೀಶೆಯಲ್ಲ, ಮಾಸ್ಕೊದ ಮದ್ದು ಪರೀಕ್ಷಾ ಪ್ರಯೋಗಾಲಯದ ಕಂಪ್ಯೂಟರ್‌ನಿಂದ 2019ರಲ್ಲಿ ಪಡೆದ ಮಾಹಿತಿ. ಹೀಗೆ ಬೆಳ್ಳಿಗೆ ಬಂದ ಅಬೆಬಾ ಅರೆಗಾವಿ, ಲಂಡನ್ನಿನಲ್ಲಿ ಇಥಿಯೋಪಿಯಾ ಪರ ಓಡಿ ಆಮೇಲೆ ಸ್ವೀಡನ್ ಸೇರಿದವರು, 2016ರಲ್ಲಿ ಮೆಲ್ಡೋನಿಯಂ ಎಂಬ ಆ ವರ್ಷವಷ್ಟೇ ನಿಷೇಧವಾದ ಹೃದಯದ ಮದ್ದಿನ ವಿಚಾರದಲ್ಲಿ ಅಮಾನತಾಗಿದ್ದರು. ಆ ಮದ್ದು ದೇಹದಲ್ಲಿ ಎಷ್ಟು ದಿನ ಉಳಿಯುತ್ತದೆಂಬ ಖಚಿತ ಮಾಹಿತಿ ಆಗ ಇರಲಿಲ್ಲವಾಗಿ ಅಮಾನತು ತೆರವಾಯಿತು. ಮೂರನೆಯವರಾಗಿ ಓಟ ಮುಗಿಸಿದ್ದ ಬಹ್ರೇನ್‌ನ ಮರಿಯಮ್ ಯೂಸುಫ್ ಜಮಾಲ್ ಚಿನ್ನಕ್ಕೆ ಏರಿದರು.

ಪುರುಷರ ಕಥೆ ಇನ್ನೂ ಸಿಕ್ಕು. 2008ರ ಬೀಜಿಂಗ್ 1500ರ ವಿಜೇತ ಬಹ್ರೇನ್‌ನ ರಶೀದ್ ರಮ್ಜಿ, ಇಪಿಒದ ಹೊಸ ರೂಪ ಸೆರಾ ಬಳಸಿದ್ದಕ್ಕೆ ಪದಕ ಕಳೆದುಕೊಂಡರು. ಚಿನ್ನ ಕೆನ್ಯಾದ ಆಸ್ಬೆಲ್ ಕಿಪ್ರೊಪ್‌ಗೆ ಹೋಯಿತು. 2017ರ ನವೆಂಬರ್‌ನಲ್ಲಿ ಕಿಪ್ರೊಪ್ ಮಾದರಿಯಲ್ಲೂ ಇಪಿಒ ಸಿಕ್ಕಿತು, ನಾಲ್ಕು ವರ್ಷದ ನಿಷೇಧವಾಯಿತು. ಬೀಜಿಂಗ್ ಚಿನ್ನ ಅವರ ಹೆಸರಿನಲ್ಲೇ ಇದೆ.

ವೇಗ ನೋಡಿ ಅನುಮಾನ ಪಡುವವರಿಗೆ ಒಂದು ಮಾತು. ಲಂಡನ್ನಿನ ಆ ಫೈನಲ್ ಗೆದ್ದ ಸಮಯ 4 ನಿಮಿಷ 10.23 ಸೆಕೆಂಡ್, ಒಲಿಂಪಿಕ್ ಮಟ್ಟಕ್ಕೆ ಆಮೆನಡಿಗೆ. ಮದ್ದು ಕೆಲಸ ಮಾಡಿದ್ದು ಕೊನೆಯ ಸುತ್ತಿನ ಜಿಗಿತದಲ್ಲಿ. ಹೀಗಾಗಿ ನಿಜವಾಗಿ ಶುದ್ಧವಾಗಿ ಓಡುವವರಿಗೆ ಗಡಿಯಾರ ಸಾಕ್ಷಿ ಹೇಳುವುದಿಲ್ಲ. ಅವರ ಪಾಲಿಗಿರುವುದು ದಿನಕ್ಕೊಂದು ಗಂಟೆ ಎಲ್ಲಿರುತ್ತೇನೆಂದು ಮೊದಲೇ ಬರೆದುಕೊಡುವುದು (12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಅಪರಾಧ), ವರ್ಷವರ್ಷವೂ ರಕ್ತ ಕೊಡುವುದು.

ಪದಕ ಮರಳಿ ಹಂಚಲು ನಿಯಮವಿದೆ. ಆ ಐವರ ಹಿಂದೆ ಬಿದ್ದು ಸೆಮಿಫೈನಲ್‌ನಲ್ಲೇ ಮನೆಗೆ ಹೋದವರಿಗೆ ಫೈನಲ್ ಓಡಿಸಿಕೊಡುವ ನಿಯಮ ಯಾವ ಪುಸ್ತಕದಲ್ಲೂ ಇಲ್ಲ.