ಮೊದಲು ಬಟ್ಟೆಯ ಅಗಲ, ಆಮೇಲೆ ಡಿಸೈನ್

ಕಟಿಂಗ್ ಟೇಬಲ್ ಕೆಳಗೆ ಬೀಳುವ ಚೂರುಗಳ ಬಗ್ಗೆ ಈಗ ತುಂಬಾ ಮಾತು ನಡೆಯುತ್ತಿದೆ. ಚೂರಿನಿಂದ ಚೀಲ, ಚೂರಿನಿಂದ ಕೌದಿ, ಚೂರಿನಿಂದ ಬೊಂಬೆ. ಒಳ್ಳೆಯ ಕೆಲಸವೇ. ಆದರೆ ಪ್ಯಾಟರ್ನ್, ಅಂದರೆ ಉಡುಪಿನ ಭಾಗಗಳ ಕಾಗದದ ನಕ್ಷೆ, ಮಾಡುವವಳಾಗಿ ನನ್ನ ಪ್ರಶ್ನೆ ಬೇರೆ. ಆ ಚೂರು ಹುಟ್ಟಿದ್ದಾದರೂ ಯಾಕೆ? ಉಡುಪು ಕತ್ತರಿಸುವಾಗ ಬಟ್ಟೆಯಲ್ಲಿ ಸುಮಾರು ನೂರಕ್ಕೆ 15 ಭಾಗ ಹೀಗೆ ಹೋಗುತ್ತದೆ ಎಂಬ ಅಂದಾಜನ್ನು ನಮ್ಮ ಕ್ಷೇತ್ರದವರು ಸಾಮಾನ್ಯವಾಗಿ ಹೇಳುತ್ತಾರೆ. ಕತ್ತರಿ ಹಿಡಿದವರು ಎಷ್ಟೇ ಜಾಣರಿದ್ದರೂ ಅದನ್ನು ಪೂರ್ತಿ ತಡೆಯಲಾರರು. ಕಾಗದದ ಮೇಲೆ ಗೆರೆ ಎಳೆದಾಗಲೇ ಅದು ತೀರ್ಮಾನವಾಗಿರುತ್ತದೆ.

ನಾವೆಲ್ಲ ಕಲಿತ ಕ್ರಮ ನೋಡಿ. ಮೊದಲು ಅಳತೆ, ಆಮೇಲೆ ಮುಂಭಾಗ, ಬೆನ್ನು, ತೋಳು. ಕೊನೆಗೆ ಅವನ್ನೆಲ್ಲ ಬಟ್ಟೆಯ ಮೇಲೆ ಇಟ್ಟು ಹೊಂದಿಸುವುದು. ಕಂಕುಳಿನ ಬಾಗು, ಕೊರಳಿನ ಬಾಗು, ತೋಳಿನ ತಲೆ, ಇವು ಒಂದಕ್ಕೊಂದು ಅಂಟಿ ಕೂರುವುದಿಲ್ಲ. ನಡುವೆ ಉಳಿದದ್ದೇ ಚೂರು. ಜೀರೋ ವೇಸ್ಟ್, ಅಂದರೆ ಚೂರೇ ಉಳಿಸದ ವಿನ್ಯಾಸ, ಈ ಕ್ರಮವನ್ನೇ ತಿರುಗಿಸುತ್ತದೆ. ಬಟ್ಟೆಯ ಅಗಲವನ್ನು ಮೊದಲು ಕೈಗೆತ್ತಿಕೊಂಡು, ಅದರೊಳಗೆ ಉಡುಪನ್ನು ಯೋಚಿಸಬೇಕು. ಒಂದು ಭಾಗದ ಅಂಚೇ ಪಕ್ಕದ ಭಾಗದ ಅಂಚು. ಟಿಮೋ ರಿಸ್ಸನೆನ್, ಹಾಲಿ ಮೆಕ್‌ಕ್ವಿಲನ್ ಮುಂತಾದ ವಿನ್ಯಾಸಕರು ಇದನ್ನು ಈ ಕಾಲದ ಪಾಠವಾಗಿ ರೂಪಿಸಿದರು. ನಮ್ಮ ಕಡೆಯ ಹಳೆ ಜುಬ್ಬದಲ್ಲಿ ಇದೇ ಲೆಕ್ಕ ಮೊದಲಿಂದಲೂ ಇದೆ.

ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 36 ಇಂಚು ಅಗಲದ ಖಾದಿ, 82 ಇಂಚು ಉದ್ದ, ಅಂದರೆ ಸುಮಾರು 2.1 ಮೀಟರ್. ಉದ್ದಕ್ಕೆ ಎರಡು ಪಟ್ಟಿ ಮಾಡಿ: 20 ಇಂಚಿನದು ಒಂದು, 16 ಇಂಚಿನದು ಒಂದು. 20ರ ಪಟ್ಟಿಯೇ ಮೈ. ಭುಜದ ಮೇಲೆ ಮಡಚಿ ಬರುವುದರಿಂದ ಅಲ್ಲಿ ಹೊಲಿಗೆಯೇ ಬೇಡ. 16ರ ಪಟ್ಟಿಯಿಂದ 22 ಇಂಚು ಉದ್ದದ ಎರಡು ತೋಳು. ಉಳಿದದ್ದು 38 ಇಂಚು. ಅದರಲ್ಲಿ 34 ಇಂಚು ಪಕ್ಕದ ಕಲಿಗಳಿಗೆ, ಅಂದರೆ ಮೈಯ ಎರಡೂ ಬದಿಗೆ ಜೋಡಿಸುವ, ಕೆಳಗೆ ಅಗಲವಾಗುವ ತುಂಡುಗಳಿಗೆ. ಅದನ್ನು 8 ಇಂಚಿನ ಎರಡು ಪಟ್ಟಿ ಮಾಡಿ. ಒಂದೊಂದನ್ನೂ ಓರೆಯಾಗಿ ಸೀಳಿದರೆ ಮೇಲೆ 2 ಇಂಚು, ಕೆಳಗೆ 6 ಇಂಚಿನ ನಾಲ್ಕು ಕಲಿ ಸಿಗುತ್ತವೆ. ಇನ್ನು ಉಳಿದದ್ದು 4 ಇಂಚು ಉದ್ದ, 16 ಇಂಚು ಅಗಲದ ತುಂಡು. ಅದರಲ್ಲಿ 4 ಇಂಚಿನ ಎರಡು ಚೌಕ ಕಂಕುಳಿಗೆ. ಮಿಕ್ಕಿದ್ದನ್ನು 2 ಇಂಚಿನ ಎರಡು ಪಟ್ಟಿ ಮಾಡಿ ಜೋಡಿಸಿದರೆ ಕೊರಳ ಪಟ್ಟಿ. ಕೊರಳಿಗೆ ತೆಗೆದ ಚೂರು ಮುಂಭಾಗದ ಸೀಳಿನ ತುದಿಗೆ ಒಳಗಿಂದ ಬಲ ಕೊಡುತ್ತದೆ. ಮುಗೀತು. ಎಲ್ಲ ಕಡೆ ಅರ್ಧ ಇಂಚು ಹೊಲಿಗೆ ಬಿಟ್ಟರೆ ಎದೆ ಸುತ್ತಳತೆ 42 ಬರುತ್ತದೆ, ಘೇರು, ಅಂದರೆ ಕೆಳ ಅಂಚಿನ ಸುತ್ತಳತೆ, 58.

ಒಂದು ಎಚ್ಚರಿಕೆ. ಓರೆ ಸೀಳಿದಾಗ ಒಂದು ಕಲಿ ತಲೆಕೆಳಗಾಗಿ ಕೂರುತ್ತದೆ. ಸಾದಾ ಖಾದಿಯಲ್ಲಿ ಗೊತ್ತಾಗುವುದಿಲ್ಲ. ಒಂದೇ ದಿಕ್ಕಿನ ಹೂವಿನ ಪ್ರಿಂಟ್ ಆದರೆ ಎದ್ದು ಕಾಣುತ್ತದೆ.

ನಿಜವಾದ ಕಷ್ಟ ಶುರುವಾಗುವುದು ಸೈಜ್ ಬದಲಾದಾಗ. ಎದೆ ದೊಡ್ಡದಿದೆ ಅಂತ ಮೈ ಪಟ್ಟಿಯನ್ನು 22ಕ್ಕೆ ಏರಿಸಿದರೆ ತೋಳಿಗೆ 14 ಮಾತ್ರ ಉಳಿಯುತ್ತದೆ. ಮೈ ದಪ್ಪ ಆದಷ್ಟೂ ತೋಳು ಸಣ್ಣ! ಇದು ಹಾಕಿಕೊಳ್ಳುವ ಬಟ್ಟೆ ಆಗುವುದಿಲ್ಲ. ಅದಕ್ಕೇ ಎಲ್ಲ ಸೈಜಿಗೂ ಒಂದೇ ನಿಯಮದಿಂದ ಪ್ಯಾಟರ್ನ್ ಹಿಗ್ಗಿಸುವ ಕ್ರಮ ಇಲ್ಲಿ ಕೈಕೊಡುತ್ತದೆ. ಉತ್ತರ ಇರುವುದು ಆ ಓರೆ ಗೆರೆಯಲ್ಲಿ. 2 ಮತ್ತು 6ರ ಬದಲು 3 ಮತ್ತು 5ಕ್ಕೆ ಸೀಳಿ. ಎದೆ 46 ಆಗುತ್ತದೆ, ಘೇರು 54ಕ್ಕೆ ಇಳಿಯುತ್ತದೆ. ಬಟ್ಟೆ ಅಷ್ಟೇ, ಚೂರು ಸೊನ್ನೆಯೇ. ಈ ಗೆರೆ ನನಗೆ ತುಂಬಾ ಇಷ್ಟ.

ಹೊಸ ತಂತ್ರಜ್ಞಾನ ನನಗೆ ನೆರವಾಗುವುದು ಇಂಥ ಕಡೆ. ವ್ಯಾಲೆಂಟಿನಾ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಗೆರೆಗಳನ್ನು ಸೂತ್ರವಾಗಿ ಬರೆಯಬಹುದು. ಅಳತೆ ಬದಲಿಸಿದರೆ ಅದಕ್ಕೆ ಹೊಂದಿದ ಗೆರೆಗಳೂ ತಾವೇ ಸರಿಯುತ್ತವೆ. ಕೊರಿಯಾದ ಕ್ಲೋ ತ್ರೀಡಿ ಎಂಬ ಸಾಫ್ಟ್‌ವೇರ್‌ನಲ್ಲಿ ಬಟ್ಟೆಯ ತೂಕ, ಎಳೆತ ತಿಳಿಸಿದರೆ ಪರದೆಯ ಮೇಲಿನ ಬೊಂಬೆಗೆ ಉಡುಪು ಹೊಲಿದು ತೋರಿಸುತ್ತದೆ. ಓರೆ ಗೆರೆ ಒಂದು ಇಂಚು ಸರಿದರೆ ನೆರಿಗೆ ಎಲ್ಲಿ ಬೀಳುತ್ತದೆ ಅಂತ ಬಟ್ಟೆ ಕತ್ತರಿಸದೆ ನೋಡಬಹುದು.

ಗಾರ್ಮೆಂಟ್ಸ್‌ನಲ್ಲಿ ಬಳಸುವ ಜೋಡಣೆಯ ಸಾಫ್ಟ್‌ವೇರ್ ಬೇರೆ ಜಾತಿ. ಕೊಟ್ಟ ಆಕಾರಗಳನ್ನು ಅದು ಆದಷ್ಟು ಒತ್ತಾಗಿ ಹೊಂದಿಸುತ್ತದೆ. ಆಕಾರವನ್ನೇ ಬದಲಿಸೋಣ ಅನ್ನುವುದಿಲ್ಲ. ಮದ್ದೂರು, ಶ್ರೀರಂಗಪಟ್ಟಣದ ಕಡೆಯ ಕಾರ್ಖಾನೆಗಳಂಥ ಕಡೆ ಸಾವಿರಾರು ತುಂಡು, ಹಲವು ಸೈಜ್ ಒಟ್ಟಿಗೆ ಓಡಬೇಕು. ಅಲ್ಲಿ ಒಬ್ಬೊಬ್ಬರಿಗೆ ಅಂತ ಗೆರೆ ಸರಿಸುವುದು ಕಷ್ಟ. ಮೈಸೂರಿನ ಗಲ್ಲಿಯ ಟೈಲರ್ ಮುಂದೆ ಒಬ್ಬರೇ ಗಿರಾಕಿ, ಒಂದೇ ಬಟ್ಟೆ. ಈ ವಿಷಯದಲ್ಲಿ ಸಣ್ಣ ಅಂಗಡಿಗೇ ಅನುಕೂಲ ಜಾಸ್ತಿ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಪರದೆಯನ್ನು ಪೂರ್ತಿ ನೆಚ್ಚಬೇಡಿ. 1912ರಿಂದ ನಮ್ಮೂರಿನ ಕಾರ್ಖಾನೆಯಲ್ಲಿ ನೇಯುತ್ತಿರುವ ಮೈಸೂರು ಸಿಲ್ಕಿನ ಕ್ರೇಪ್ ಅನ್ನೇ ನೋಡಿ. ಅದರ ನೂಲಿಗೆ ಹುರಿ ಜಾಸ್ತಿ. ಕ್ರಾಸ್ ಕಟ್ ಮಾಡಿ, ಅಂದರೆ ಎಳೆಗೆ ಓರೆಯಾಗಿ ಕತ್ತರಿಸಿ, ತೂಗುಹಾಕಿದರೆ ರಾತ್ರಿ ಕಳೆಯುವಷ್ಟರಲ್ಲಿ ಉದ್ದ ಇಳಿಯುತ್ತದೆ. ಪರದೆಯಲ್ಲಿ ಅದು ಕಾಣುವುದಿಲ್ಲ. ತೂಗುಹಾಕಿ, ಇಳಿಯಲು ಬಿಟ್ಟು, ಆಮೇಲೆ ಅಂಚು ಮಡಿಸಿ.

ಬ್ಲೌಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೀರೆಯ ಜೊತೆ ಬರುವ 80 ಸೆಂಟಿಮೀಟರ್ ಪೀಸ್‌ನಲ್ಲಿ, ಮೈಗೆ ಅಂಟಿ ಕೂರುವ ಬ್ಲೌಸನ್ನು ಚೂರೇ ಇಲ್ಲದೆ ಹೊಲಿಯುತ್ತೇನೆ ಅಂತ ನಾನು ಹೇಳುವುದಿಲ್ಲ. ಆ ಬಾಗುಗಳು ಬೇಕೇ ಬೇಕು. ಆದರೆ ಕ್ರಾಸ್ ಕಟ್‌ನಲ್ಲಿ ಮೂಲೆಗೆ ಉಳಿಯುವ ತ್ರಿಕೋನಗಳನ್ನು ಮೊದಲೇ ಗುರುತು ಮಾಡಿಡಿ. ಕೊರಳಿನ ಪೈಪಿಂಗಿಗೆ ಓರೆ ಪಟ್ಟಿ ಹೇಗೂ ಬೇಕು, ಅಲ್ವಾ? ಅದಕ್ಕಾಗಿ ಒಳ್ಳೆ ಬಟ್ಟೆಯ ನಡುವೆ ಕತ್ತರಿ ಹಾಕುವುದು ತಪ್ಪುತ್ತದೆ.

ಬದನವಾಳು ಅಥವಾ ಮೇಲುಕೋಟೆಯ ಖಾದಿ ತಂದು ಜುಬ್ಬ ಹೊಲಿಯುವವರಿಗೆ ಒಂದು ಮಾತು. ಮೊದಲು ನೆನೆಸಿ, ಒಣಗಿಸಿ. ಆಮೇಲೆ ಅಗಲವನ್ನು ಮೂರು ಕಡೆ ಅಳೆಯಿರಿ. ಕೈಮಗ್ಗದ ಬಟ್ಟೆಯಲ್ಲಿ ಅರ್ಧ ಇಂಚು ಆಚೆ ಈಚೆ ಆಗುವುದು ಸಹಜ. ಅತಿ ಕಡಿಮೆ ಬಂದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. 35½ ಬಂದರೆ ಮೈ ಪಟ್ಟಿಯನ್ನು ಮುಟ್ಟಬೇಡಿ, ತೋಳಿನ ಪಟ್ಟಿಯನ್ನು 15½ ಮಾಡಿ. ಕಲಿಯ ಮೇಲಿನ ಅಳತೆ ಹಾಗೇ ಇರಲಿ. ಕೊರತೆಯನ್ನು ಘೇರು ತುಂಬಿಕೊಳ್ಳುತ್ತದೆ.