ಸಿಬಿಡಿ ಸೋಪು ಅಂದರೆ ಏನು?

ಗಾಂಜಾ ಜಾತಿಯ ಗಿಡದಿಂದ ತೆಗೆದ ಸಿಬಿಡಿ ಎಂಬ ಅಂಶವನ್ನು ಬೆರೆಸಿ ಮಾಡಿದ ಸೋಪೇ ಸಿಬಿಡಿ ಸೋಪು. ಅಮೆರಿಕದಲ್ಲಿ ಇದನ್ನು ಅಂಗಡಿಯಲ್ಲೂ ಮಾರುತ್ತಾರೆ, ಮನೆಯಲ್ಲೂ ಮಾಡಿಕೊಳ್ಳುತ್ತಾರೆ. ಹೆಸರು ಕೇಳಿದ ತಕ್ಷಣ ನಮ್ಮವರು ಕೇಳುವುದು ಎರಡೇ ಪ್ರಶ್ನೆ. ಇದರಿಂದ ಅಮಲು ಬರುತ್ತಾ? ಚರ್ಮಕ್ಕೆ ಒಳ್ಳೆಯದಾ? ಮೊದಲನೆಯದಕ್ಕೆ ಉತ್ತರ ಸುಲಭ: ಬರುವುದಿಲ್ಲ. ಎರಡನೆಯದಕ್ಕೆ ಉತ್ತರ ಬೇಕಾದರೆ ಸೋಪಿನ ಪಾತ್ರೆಯೊಳಗೆ ಏನಾಗುತ್ತದೆ ಅಂತ ನೋಡಬೇಕು.

ಮೊದಲು ಸಿಬಿಡಿ. ಪೂರ್ತಿ ಹೆಸರು ಕ್ಯಾನಬಿಡಿಯಾಲ್. 1940ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆ್ಯಡಮ್ಸ್ ಇದನ್ನು ಗಿಡದಿಂದ ಬೇರ್ಪಡಿಸಿದರು. ಅದರ ರಚನೆ ಸರಿಯಾಗಿ ತಿಳಿದದ್ದು 1963ರಲ್ಲಿ, ಇಸ್ರೇಲಿನ ರಾಫೆಲ್ ಮೆಶೂಲಂ ಅವರ ಕೆಲಸದಿಂದ. ಅಮಲು ತರುವ ಟಿಎಚ್‌ಸಿಯನ್ನೂ ಅವರ ತಂಡವೇ ಮರುವರ್ಷ ಬೇರ್ಪಡಿಸಿತು. ಎರಡೂ ಒಂದೇ ಗಿಡದವು, ಗುಣ ಮಾತ್ರ ಬೇರೆ. ಸಿಬಿಡಿಗೆ ಔಷಧಿಯಾಗಿ ನಿಜವಾದ ಕೆಲಸವೂ ಇದೆ. ಮಕ್ಕಳಲ್ಲಿ ಕಾಣುವ ಎರಡು ಕಠಿಣ ಬಗೆಯ ಮೂರ್ಛೆರೋಗಕ್ಕೆ ಸಿಬಿಡಿಯಿಂದ ಮಾಡಿದ ಎಪಿಡಿಯೋಲೆಕ್ಸ್ ಎಂಬ ಔಷಧಿಗೆ ಅಮೆರಿಕದ ಔಷಧ ಇಲಾಖೆ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಬಾಯಿಗೆ ಹಾಕುವ ಔಷಧಿ, ವೈದ್ಯರ ಚೀಟಿಯ ಮೇಲೆ ಕೊಡುವಂಥದ್ದು. ಅದರ ಒಳ್ಳೆಯ ಹೆಸರನ್ನು ಸೋಪಿಗೆ ಎರವಲು ಕೊಡುವುದು ತಪ್ಪು.

ಅದೇ 2018ರ ಕೊನೆಗೆ ಅಮೆರಿಕದ ಹೊಸ ಕೃಷಿ ಕಾಯ್ದೆ ಬಂತು. ಒಣ ತೂಕದಲ್ಲಿ ಟಿಎಚ್‌ಸಿ 0.3% ಮೀರದ ಗಿಡವನ್ನು ಹೆಂಪ್ ಎಂದು ಕರೆದು, ಮಾದಕ ವಸ್ತುಗಳ ಪಟ್ಟಿಯಿಂದ ಹೊರಗಿಟ್ಟಿತು. ಸಿಬಿಡಿ ಎಣ್ಣೆ, ಮುಲಾಮು, ಸೋಪುಗಳ ಸುರಿಮಳೆ ಶುರುವಾದದ್ದು ಆಮೇಲೆ.

ಈಗ ಸೋಪಿನ ಕಡೆಗೆ ಬರೋಣ. ಎಣ್ಣೆಗೆ ಕಾಸ್ಟಿಕ್ ಸೋಡದ ನೀರು ಸೇರಿಸಿದರೆ ಎಣ್ಣೆ ಒಡೆದು ಸೋಪು ಮತ್ತು ಗ್ಲಿಸರಿನ್ ಆಗುತ್ತದೆ. ಇದಕ್ಕೆ ಸಪಾನಿಫಿಕೇಶನ್ ಅಂತಾರೆ. ಪ್ರತಿ ಎಣ್ಣೆಗೂ ಬೇಕಾಗುವ ಸೋಡದ ಪ್ರಮಾಣ ಬೇರೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ, ಆಲಿವ್ ಎಣ್ಣೆಗೆ 0.135, ಹರಳೆಣ್ಣೆಗೆ 0.128, ಹೆಂಪ್ ಬೀಜದ ಎಣ್ಣೆಗೆ 0.138. ಸೋಪು ಮಾಡುವವರು ಇದನ್ನು ಸ್ಯಾಪ್ ವ್ಯಾಲ್ಯೂ ಅಂತಾರೆ. ಕಣ್ಣಳತೆ, ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ, ಡಿಜಿಟಲ್ ತಕ್ಕಡಿ ಇರಲೇಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಆಲಿವ್ ಎಣ್ಣೆ 300 ಗ್ರಾಂ, ಕೊಬ್ಬರಿ ಎಣ್ಣೆ 150, ಹರಳೆಣ್ಣೆ 25, ಹೆಂಪ್ ಬೀಜದ ಎಣ್ಣೆ 25. ಒಟ್ಟು 500 ಗ್ರಾಂ. ಪೂರ್ತಿ ಎಣ್ಣೆ ಸೋಪಾಗಲು ಬೇಕಾದ ಕಾಸ್ಟಿಕ್ ಸೋಡ ಸುಮಾರು 74.6 ಗ್ರಾಂ. ಆದರೆ ಅಷ್ಟನ್ನೂ ಹಾಕುವುದಿಲ್ಲ. 70 ಗ್ರಾಂ ಹಾಕಿ, 140 ಗ್ರಾಂ ನೀರಿನಲ್ಲಿ ಕರಗಿಸುತ್ತೇವೆ. ಆಗ ಸುಮಾರು 6% ಎಣ್ಣೆ ಸೋಪಾಗದೆ ಹಾಗೇ ಉಳಿಯುತ್ತದೆ. ಈ ಉಳಿದ ಎಣ್ಣೆಗೆ ಸೂಪರ್‌ಫ್ಯಾಟ್ ಎಂದು ಹೆಸರು. ಸ್ನಾನ ಆದ ಮೇಲೆ ಚರ್ಮ ಬಿಗಿಯದೆ ಇರುವುದಕ್ಕೆ ಇದು, ಮತ್ತು ಸೋಪಿನಲ್ಲೇ ಉಳಿದ ಗ್ಲಿಸರಿನ್ ಕಾರಣ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಾಸ್ಟಿಕ್ ಸೋಡದ ಬಗ್ಗೆ ಸಲಿಗೆ ಬೇಡ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಮುಚ್ಚುವ ಕನ್ನಡಕ, ಕಿಟಕಿ ತೆರೆದ ಕೋಣೆ. ಮಕ್ಕಳು, ನಾಯಿ ಬೆಕ್ಕು ಹತ್ತಿರ ಸುಳಿಯಬಾರದು. ಸೋಡವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಸೋಡದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಸೋಡ ಅದನ್ನು ತಿಂದು ಹೈಡ್ರೋಜನ್ ಗ್ಯಾಸ್ ಬಿಡುತ್ತದೆ. ಸ್ಟೀಲ್ ಪಾತ್ರೆ ಸರಿ.

ಎಣ್ಣೆ ಮತ್ತು ಸೋಡದ ನೀರು ಬೆಚ್ಚಗಿರುವಾಗ ಸೇರಿಸಿ, ಕೈ ಬ್ಲೆಂಡರಿನಿಂದ ಬಿಟ್ಟು ಬಿಟ್ಟು ತಿರುಗಿಸಿದರೆ ಮಿಶ್ರಣ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಮೇಲಿಂದ ಒಂದು ಎಳೆ ಬಿಟ್ಟರೆ ಗೆರೆ ಸ್ವಲ್ಪ ಹೊತ್ತು ನಿಲ್ಲಬೇಕು. ಈ ಹದಕ್ಕೆ ಟ್ರೇಸ್ ಅಂತಾರೆ. ಸುವಾಸನೆ, ಬಣ್ಣ, ಸಿಬಿಡಿ ಎಲ್ಲವನ್ನೂ ಸಾಮಾನ್ಯವಾಗಿ ಇಲ್ಲೇ ಹಾಕುತ್ತಾರೆ. ನಂತರ ಅಚ್ಚಿಗೆ ಸುರಿದು, ಒಂದೆರಡು ದಿನ ಬಿಟ್ಟು ಕತ್ತರಿಸಿ, 4ರಿಂದ 6 ವಾರ ಗಾಳಿಯಾಡುವ ಕಡೆ ಒಣಗಿಸುತ್ತಾರೆ. ಇದು ಕೋಲ್ಡ್ ಪ್ರೊಸೆಸ್.

ತೊಡಕು ಇರುವುದು ಟ್ರೇಸ್ ಹಂತದಲ್ಲೇ. ನೋಡಲು ಗಟ್ಟಿಯಾದರೂ ಆ ಮಿಶ್ರಣದಲ್ಲಿ ಸೋಡದ ಕೆಲಸ ಇನ್ನೂ ಮುಗಿದಿರುವುದಿಲ್ಲ. ಸಿಬಿಡಿಗೂ ಸೋಡದಂಥ ಕ್ಷಾರಕ್ಕೂ ಆಗಿಬರುವುದಿಲ್ಲ. ಇದು ಹೊಸ ವಿಷಯವೇನಲ್ಲ. ಗಾಂಜಾ ಮಾದರಿಗಳನ್ನು ಗುರುತಿಸಲು ಬೀಮ್ ಪರೀಕ್ಷೆ ಎಂಬ ಹಳೆಯ ಪರೀಕ್ಷೆಯಿದೆ. ಮಾದರಿಗೆ ಆಲ್ಕೋಹಾಲಿನಲ್ಲಿ ಕರಗಿಸಿದ ಕ್ಷಾರ ಹಾಕುತ್ತಾರೆ. ನೇರಳೆ ಬಣ್ಣ ಬಂದರೆ ಅದರಲ್ಲಿ ಸಿಬಿಡಿ ಇದೆ ಅಂತ ಅರ್ಥ. ಆ ಬಣ್ಣ ಬರುವುದೇ ಸಿಬಿಡಿ ಗಾಳಿಯ ಆಮ್ಲಜನಕದ ಜೊತೆ ಸೇರಿ ಬೇರೊಂದು ವಸ್ತುವಾಗಿ ಬದಲಾಗುವುದರಿಂದ. ಸೋಪಿನ ಪಾತ್ರೆಯಲ್ಲೂ ಕ್ಷಾರ ಇದೆ, ಗಾಳಿ ಇದೆ, ಬ್ಲೆಂಡರ್ ಬೇರೆ ತಿರುಗುತ್ತಿರುತ್ತದೆ. ಹಾಕಿದ್ದರಲ್ಲಿ ಎಷ್ಟು ಉಳಿಯಿತು ಅನ್ನುವುದು ಆ ಸೋಪನ್ನೇ ಲ್ಯಾಬಿಗೆ ಕಳಿಸದೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಮಾಡುವವರು ಯಾರೂ ಕಳಿಸುವುದಿಲ್ಲ.

ಅದಕ್ಕೇ ತಿಳಿದವರು ಹಾಟ್ ಪ್ರೊಸೆಸ್ ಹಿಡಿಯುತ್ತಾರೆ. ಮಿಶ್ರಣವನ್ನು ಸಣ್ಣ ಉರಿಯಲ್ಲಿ ಬೇಯಿಸಿ, ಸೋಡದ ಕೆಲಸ ಪೂರ್ತಿ ಮುಗಿದ ಮೇಲೆ, ತುಸು ಆರಿಸಿ ಸಿಬಿಡಿ ಬೆರೆಸುವುದು. ಇದೇ ವಾಸಿ. ಹಾಗಂತ ಪೂರ್ತಿ ನಿಶ್ಚಿಂತೆ ಅಲ್ಲ. ಯಾವ ಸೋಪೇ ಆದರೂ ಅದರ ಪಿಎಚ್ 9ರಿಂದ 10ರ ಆಸುಪಾಸಿನಲ್ಲೇ ಇರುತ್ತದೆ, ಅಂದರೆ ಕ್ಷಾರವೇ.

ಸಿಬಿಡಿ ಸಿಗುವುದು ಎರಡು ರೂಪದಲ್ಲಿ. ಐಸೊಲೇಟ್ ಅನ್ನುವುದು ಬಿಳಿ ಪುಡಿ, ಬಹುಪಾಲು ಶುದ್ಧ ಸಿಬಿಡಿ. ನೀರಿನಲ್ಲಿ ಕರಗುವುದಿಲ್ಲ, ಬೆಚ್ಚಗಿನ ಎಣ್ಣೆಯಲ್ಲಿ ಕರಗಿಸಬೇಕು. ಇನ್ನೊಂದು ಡ್ರಾಪರ್ ಬಾಟಲಿಯ ಎಣ್ಣೆ. 30 ಮಿಲಿ ಬಾಟಲಿಯ ಮೇಲೆ 1000 ಮಿಲಿಗ್ರಾಂ ಎಂದು ಬರೆದಿದ್ದರೆ, ಅರ್ಧ ಬಾಟಲಿಯಲ್ಲಿ 500 ಮಿಲಿಗ್ರಾಂ ಸಿಬಿಡಿ. ಉಳಿದದ್ದೆಲ್ಲ ಸಾದಾ ಎಣ್ಣೆ, ಹೆಚ್ಚಾಗಿ ತೆಂಗಿನಿಂದ ತೆಗೆದದ್ದು. ಅರ್ಧ ಬಾಟಲಿಯನ್ನು ಸೋಪಿಗೆ ಹಾಕಿದರೆ ಆ ಸುಮಾರು 14 ಗ್ರಾಂ ಎಣ್ಣೆಯೂ ಸೂಪರ್‌ಫ್ಯಾಟಿಗೆ ಸೇರುತ್ತದೆ ಅನ್ನುವುದನ್ನು ತುಂಬ ಜನ ಮರೆಯುತ್ತಾರೆ. ಮೇಲಿನ ಲೆಕ್ಕದ 6% ಆಗ 9% ಹತ್ತಿರ ಹೋಗುತ್ತದೆ. ಸೋಪು ಮೆತ್ತಗಾಗುತ್ತದೆ, ನೊರೆ ಕಡಿಮೆಯಾಗುತ್ತದೆ.

ಬಾಟಲಿಯ ಮೇಲೆ ಬರೆದದ್ದನ್ನೂ ಸುಮ್ನೆ ನಂಬಬಾರದು. ಆನ್‌ಲೈನಿನಲ್ಲಿ ಮಾರುವ 84 ಸಿಬಿಡಿ ಪದಾರ್ಥಗಳನ್ನು ಪರೀಕ್ಷಿಸಿದ ಅಧ್ಯಯನವೊಂದು ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ 2017ರಲ್ಲಿ ಬಂತು. ಬರೆದಷ್ಟೇ ಸಿಬಿಡಿ ಇದ್ದದ್ದು 31% ಪದಾರ್ಥಗಳಲ್ಲಿ ಮಾತ್ರ. ಹಾಗಾಗಿ ಆ ಬ್ಯಾಚಿನ ಲ್ಯಾಬ್ ವರದಿ ತೋರಿಸದ ಮಾರಾಟಗಾರರ ಹತ್ತಿರ ಕೊಳ್ಳದಿರುವುದೇ ಲೇಸು.

ಈಗ ಎರಡನೇ ಪ್ರಶ್ನೆ, ಚರ್ಮಕ್ಕೆ ಒಳ್ಳೆಯದಾ? 500 ಮಿಲಿಗ್ರಾಂ ಹಾಕಿದಿರಿ, 100 ಗ್ರಾಮಿನ 7 ಸೋಪು ಬಂದವು ಅಂದುಕೊಳ್ಳಿ. ಸಿಬಿಡಿ ಒಂದಿಷ್ಟೂ ಹಾಳಾಗಲಿಲ್ಲ ಅಂದರೂ ಒಂದು ಸೋಪಿನಲ್ಲಿ 70 ಮಿಲಿಗ್ರಾಂ ಚಿಲ್ಲರೆ. ಆ ಸೋಪು 35 ಸ್ನಾನಕ್ಕೆ ಬಂದರೆ ಒಂದು ಸ್ನಾನಕ್ಕೆ 2 ಮಿಲಿಗ್ರಾಂ. ಅದನ್ನು ಮೈಯೆಲ್ಲ ಹಚ್ಚಿ, ಒಂದೆರಡು ನಿಮಿಷದಲ್ಲಿ ನೀರು ಹಾಕುತ್ತೇವೆ. ಸೋಪಿನ ಕೆಲಸವೇ ಎಣ್ಣೆ ಅಂಶವನ್ನು ಹಿಡಿದು ನೀರಿನ ಜೊತೆ ಒಯ್ಯುವುದು. ಸಿಬಿಡಿ ಎಣ್ಣೆಯಲ್ಲೇ ಕರಗುವಂಥದ್ದು. ಹೆಚ್ಚಿನ ಪಾಲು ಬಚ್ಚಲಿನ ಮೋರಿಗೆ ಹೋಗದೆ ಇನ್ನೇನಾಗುತ್ತೆ?

ಹಾಗಾದರೆ ಬಳಸಿದವರು ಚರ್ಮ ಮೆತ್ತಗಾಯಿತು ಅನ್ನುವುದು ಸುಳ್ಳಾ? ಅಲ್ಲ. ಆದರೆ ಅದಕ್ಕೆ ಸೂಪರ್‌ಫ್ಯಾಟ್, ಗ್ಲಿಸರಿನ್, ಆಲಿವ್ ಎಣ್ಣೆ ಸಾಕು. ಹೆಸರು ಮಾತ್ರ ಸಿಬಿಡಿಗೆ ಹೋಗುತ್ತದೆ. ದುಬಾರಿ ಬಾಟಲಿ ಕೈಯಲ್ಲಿದ್ದರೆ, ಅದನ್ನು ಸೋಪಿಗೆ ಸುರಿಯುವ ಬದಲು, ಹಚ್ಚಿ ಹಾಗೇ ಬಿಡುವ ಮುಲಾಮಿಗೆ ಬಳಸಿ ಅನ್ನುತ್ತೇನೆ. ಚರ್ಮದಲ್ಲಿ ಉಳಿಯಲು ಅಲ್ಲಿ ಸಮಯವಾದರೂ ಸಿಗುತ್ತದೆ. ಎಸ್ಜಿಮಾ, ಸೋರಿಯಾಸಿಸ್‌ನಂಥ ಚರ್ಮರೋಗ ಇದ್ದವರಿಗೆ ಯಾವ ಸೋಪೂ ಔಷಧಿ ಅಲ್ಲ. ರೋಗ ವಾಸಿ ಮಾಡುತ್ತದೆ ಎಂದು ಬರೆದು ಮಾರಿದರೆ ಅಮೆರಿಕದ ಕಾನೂನು ಅದನ್ನು ಸೋಪು ಎಂದು ನೋಡುವುದಿಲ್ಲ, ಒಪ್ಪಿಗೆಯಿಲ್ಲದ ಔಷಧಿ ಎಂದು ನೋಡುತ್ತದೆ.

ಭಾರತದ ಸಂಗತಿ ಬೇರೆ. 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತುಗಳ ಕಾಯ್ದೆ ಗಿಡದ ಹೂ ತುದಿಯನ್ನು ಗಾಂಜಾ ಎಂದೂ, ಅಂಟನ್ನು ಚರಸ್ ಎಂದೂ ಹಿಡಿದು ನಿಷೇಧಿಸುತ್ತದೆ. ಬೀಜ, ಮತ್ತು ಹೂ ತುದಿಯಿಲ್ಲದ ಬರಿಯ ಎಲೆ ಗಾಂಜಾ ಎಂಬ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಸಿಬಿಡಿ ಜಾಸ್ತಿ ಇರುವುದು ಹೂವಿನಲ್ಲಿ. ಅಮೆರಿಕದಲ್ಲಿ ಸಲೀಸಾಗಿ ಸಿಗುತ್ತದೆ ಅಂತ ಸೂಟ್‌ಕೇಸಿನಲ್ಲಿ ಊರಿಗೆ ತರುವುದು ಬೇಡ. ಅದರಲ್ಲಿ ಟಿಎಚ್‌ಸಿ ಚೂರು ಇದ್ದರೂ ತಾಪತ್ರಯ ಆಗಬಹುದು.

ನಮ್ಮಲ್ಲಿ ಹೆಂಪ್ ಸೋಪು ಎಂದು ಸಿಗುವುದು ಸಾಮಾನ್ಯವಾಗಿ ಬೀಜದ ಎಣ್ಣೆಯದ್ದು. ಒಳ್ಳೆಯ ಎಣ್ಣೆಯೇ, ಆದರೆ ಅದರಲ್ಲಿ ಹೇಳಿಕೊಳ್ಳುವಷ್ಟು ಸಿಬಿಡಿ ಇರುವುದಿಲ್ಲ. ಬೇಗ ಕಮಟುವ ಗುಣವೂ ಇದೆ. ಹೆಚ್ಚು ಹಾಕಿದರೆ ಕೆಲವು ತಿಂಗಳಲ್ಲಿ ಸೋಪಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತವೆ. ಒಟ್ಟು ಎಣ್ಣೆಯಲ್ಲಿ ಅದನ್ನು 10% ಒಳಗೇ ಇಟ್ಟುಕೊಳ್ಳಿ. ಕೊಳ್ಳುವಾಗ ಪೊಟ್ಟಣದ ಹಿಂದಿನ ಪಟ್ಟಿ ಓದಿ. ‘ಕ್ಯಾನಬಿಸ್ ಸಟೈವಾ ಸೀಡ್ ಆಯಿಲ್’ ಎಂದಿದ್ದರೆ ಅದು ಬೀಜದ ಎಣ್ಣೆ. ಸಿಬಿಡಿ ಹಾಕಿದ್ದರೆ ‘ಕ್ಯಾನಬಿಡಿಯಾಲ್’ ಎಂದು ಬೇರೆಯಾಗಿ ಬರೆದಿರಬೇಕು, ಎಷ್ಟು ಮಿಲಿಗ್ರಾಂ ಅನ್ನುವುದರ ಸಮೇತ.