ಹೊಸ ಊರಿನಲ್ಲಿ ನೆನಪಿಗುಳಿಯುವ ತಿಂಡಿ ಹುಡುಕುವುದು ಹೇಗೆ?

ಓದುಗರ ಪ್ರಶ್ನೆ: ರಜೆ ಸಿಕ್ಕಾಗಲೆಲ್ಲ ರಾಜ್ಯದೊಳಗೇ ಸುತ್ತುತ್ತೇವೆ. ಯಾವ ಊರಿಗೆ ಹೋದರೂ ಮೊಬೈಲಿನಲ್ಲಿ ಹೆಚ್ಚು ಸ್ಟಾರ್ ಇರುವ ಹೋಟೆಲ್ ನೋಡಿಕೊಂಡೇ ಹೋಗುತ್ತೇವೆ. ಆದರೂ ಸಿಗುವುದು ಅದೇ ಇಡ್ಲಿ, ಅದೇ ಪೂರಿ, ಅದೇ ಮಸಾಲೆ ದೋಸೆ. ಆ ಊರಿನದೇ ಅನ್ನಿಸುವ ಬೆಳಗಿನ ತಿಂಡಿ ಸಿಗುವ ಜಾಗ ಕಂಡುಹಿಡಿಯುವುದು ಹೇಗೆ?

ಉತ್ತರ: ಹುಡುಕುವ ಕ್ರಮವನ್ನು ತಿರುಗಿಸಿ. ಮೊದಲು ತಿಂಡಿ ಯಾವುದು, ಆಮೇಲೆ ಅದು ಎಷ್ಟು ಹೊತ್ತಿಗೆ ಸಿಗುತ್ತದೆ, ಕೊನೆಗೆ ಯಾವ ಹೋಟೆಲ್. ಹೋಟೆಲಿನಿಂದ ಶುರು ಮಾಡಿದವರಿಗೆ ಸಾಮಾನ್ಯವಾಗಿ ಸಿಗುವುದು ಬಸ್ ನಿಲ್ದಾಣದ ಎದುರಿನ ದೊಡ್ಡ ಹೋಟೆಲು. ಅಲ್ಲಿ ಎಪ್ಪತ್ತು ಬಗೆಯ ಪಟ್ಟಿ ಇರುತ್ತದೆ, ಜಾಗ ಸ್ವಚ್ಛವಾಗಿರುತ್ತದೆ, ಕಾರು ನಿಲ್ಲಿಸಲೂ ಜಾಗ ಸಿಗುತ್ತದೆ. ಜನ ಸ್ಟಾರ್ ಕೊಡುವುದು ಬಹುಪಾಲು ಇದಕ್ಕೇ. ತಿಂಡಿಯ ರುಚಿ ಆ ಲೆಕ್ಕದಲ್ಲಿ ಒಂದು ಸಣ್ಣ ಪಾಲು.

ಊರು ತಲುಪಿದ ರಾತ್ರಿಯೇ ಮೂರು ಪ್ರಶ್ನೆ ಕೇಳಿ. ನಿಮ್ಮೂರಲ್ಲಿ ಬೆಳಿಗ್ಗೆ ಏನು ತಿಂತಾರೆ? ನೀವು ಎಲ್ಲಿ ತಿಂತೀರಿ? ಅಲ್ಲಿ ಎಷ್ಟು ಹೊತ್ತಿಗೆ ಖಾಲಿ ಆಗುತ್ತೆ? "ಒಳ್ಳೆ ಹೋಟೆಲ್ ಯಾವುದು" ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಎದುರಿನವರು ನಿಮ್ಮ ಬಟ್ಟೆ, ಕಾರು ನೋಡಿ "ಫ್ಯಾಮಿಲಿಗೆ ಚೆನ್ನಾಗಿರುತ್ತೆ" ಎಂಬ ಜಾಗಕ್ಕೇ ಕಳಿಸುತ್ತಾರೆ. ಮೂರನೆಯ ಪ್ರಶ್ನೆಯಲ್ಲಿ ನಿಜ ಹೊರಬರುತ್ತದೆ. "ಒಂಬತ್ತೂವರೆ ದಾಟಿದ್ರೆ ಸಿಗಲ್ಲ" ಎಂದು ಥಟ್ಟನೆ ಹೇಳಿದವರು ಅಲ್ಲಿ ತಿಂದವರು. "ಯಾವಾಗ ಬೇಕಾದ್ರೂ ಸಿಗುತ್ತೆ" ಎಂದವರ ಮಾತನ್ನು ಇನ್ನೊಬ್ಬರ ಹತ್ತಿರ ಖಚಿತಪಡಿಸಿಕೊಳ್ಳಿ. ಆಟೊದವರು, ಹೂವು ಮಾರುವವರು, ಬೆಳಿಗ್ಗೆ ಐದೂವರೆಗೆ ಪೇಪರ್ ಕಟ್ಟು ಬಿಚ್ಚುವವರು, ತರಕಾರಿ ಮಾರುಕಟ್ಟೆಯ ಹಮಾಲರು ಈ ವಿಷಯದಲ್ಲಿ ಬಲ್ಲವರು. ಅವರೆಲ್ಲ ದಿನವೂ ಹೊರಗೇ ತಿನ್ನುವವರು, ಅದೂ ಸ್ವಂತ ದುಡ್ಡು ಕೊಟ್ಟು. ಹೆದ್ದಾರಿಯಲ್ಲಿ ಬಸ್ಸುಗಳು ಸಾಲಾಗಿ ನಿಂತಿವೆ ಎಂಬುದನ್ನು ಮಾತ್ರ ಗುರುತಾಗಿ ಹಿಡಿಯಬೇಡಿ. ಬಸ್ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವರು ಪ್ರಯಾಣಿಕರಲ್ಲ.

ಹೊತ್ತಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚಿನವರು ಸೋಲುವುದು ಇಲ್ಲೇ. ಒಂದೆರಡು ಬಗೆಯನ್ನಷ್ಟೇ ಮಾಡುವ ಅಂಗಡಿಯವರು ಹಿಂದಿನ ಸಂಜೆ ರುಬ್ಬಿ, ಬಾಗಿಲು ತೆಗೆಯುವ ಹೊತ್ತಿಗೆ ಹುಳಿ ಸರಿಯಾಗಿ ಬರುವಂತೆ ಲೆಕ್ಕ ಹಾಕಿರುತ್ತಾರೆ. ಬೆಳಗಿನ ಏಳರಿಂದ ಒಂಬತ್ತರವರೆಗೆ ಹಿಟ್ಟು ಹದದಲ್ಲಿರುತ್ತದೆ. ಬಿಸಿಲೇರಿದಂತೆ ಹುಳಿ ಜಾಸ್ತಿಯಾಗುತ್ತದೆ. ಆಗ ಇಡ್ಲಿಯಲ್ಲಿ ಹುಳಿ ಮೂತಿ ಎತ್ತುತ್ತದೆ, ದೋಸೆ ಕೆಂಪಾಗುವ ಮೊದಲೇ ಒಣಗುತ್ತದೆ. ಕಾಯಿ ಚಟ್ನಿಗೂ ಇದೇ ಕಷ್ಟ, ಹನ್ನೊಂದರ ಹೊತ್ತಿಗೆ ನೀರು ಬೇರೆ ಗಟ್ಟಿ ಬೇರೆ ಆಗಿರುತ್ತದೆ. ಹನ್ನೊಂದರ ಆಸುಪಾಸಿಗೆ ಅಡುಗೆಮನೆ ಊಟದ ಕಡೆ ತಿರುಗುತ್ತದೆ, ಒಲೆಯ ಮೇಲೆ ಅನ್ನದ ಡಬರಿ ಏರುತ್ತದೆ. ಹಾಗಂತ ಬಾಗಿಲು ತೆಗೆದ ಕ್ಷಣದಲ್ಲೇ ನುಗ್ಗುವುದೂ ಬೇಡ. ಕಾವಲಿ ಸಮನಾಗಿ ಕಾಯಲು ಮೊದಲ ಒಂದೆರಡು ಸುತ್ತು ಬೇಕು. ತೆರೆದ ಅರ್ಧ ಗಂಟೆಯ ನಂತರದ ದೋಸೆ ಮೊದಲ ದೋಸೆಗಿಂತ ಚೆನ್ನಾಗಿರುತ್ತದೆ.

ಊರಿಗೊಂದು ತಿಂಡಿ ಎನ್ನುವಾಗಲೂ ಹೊತ್ತನ್ನು ಕೇಳಿಕೊಳ್ಳಲೇಬೇಕು. ಹುಬ್ಬಳ್ಳಿ-ಧಾರವಾಡದ ಮಂಡಕ್ಕಿ ತಿಂಡಿ ಗಿರ್ಮಿಟ್ಟಿನ ಹೆಸರು ಕೇಳಿ ಬೆಳಿಗ್ಗೆ ಎಂಟಕ್ಕೆ ಹುಡುಕಿ ಹೊರಟರೆ ನಿರಾಸೆಯಾಗುತ್ತದೆ. ಅದು ಹೆಚ್ಚಾಗಿ ಸಂಜೆಯದು. ಅದೇ ಮಂಡಕ್ಕಿ ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಕಡೆ ಒಗ್ಗರಣೆಯಾಗಿ ಬೆಳಿಗ್ಗೆಯೇ ತಟ್ಟೆಗೆ ಬರುತ್ತದೆ, ಪಕ್ಕದಲ್ಲಿ ಬಿಸಿ ಮಿರ್ಚಿ ಬಜ್ಜಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ತಕ್ಷಣ ಹಿಂಡಿ ತೆಗೆದು, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸುತ್ತಾರೆ. ಮಾಡಿದ ಹತ್ತು-ಹದಿನೈದು ನಿಮಿಷದಲ್ಲಿ ತಿಂದರೆ ಮೆತ್ತಗಿರುತ್ತದೆ, ಗಂಟೆ ಕಳೆದರೆ ಒಣಗಿ ನಾರಾಗುತ್ತದೆ. ಹಾಗಾಗಿ ದೊಡ್ಡ ಬುಟ್ಟಿಯಲ್ಲಿ ರಾಶಿ ಹಾಕಿಟ್ಟ ಕಡೆ ಬೇಡ, ಸಣ್ಣ ಬಾಣಲೆಯಲ್ಲಿ ಮತ್ತೆ ಮತ್ತೆ ಮಾಡುತ್ತಿರುವ ಗಾಡಿಗೆ ಹೋಗಿ. ಹಂಪಿಗೆ ಹೋಗುವವರಿಗೆ ಇದು ವಿಶೇಷವಾಗಿ ಉಪಯೋಗಕ್ಕೆ ಬರುವ ಮಾತು. ಹಂಪಿಯ ಕೆಫೆಗಳಲ್ಲಿ ಪ್ಯಾನ್‌ಕೇಕ್ ಸಿಗುತ್ತದೆ. ಆ ಸೀಮೆಯ ಬೆಳಗಿನ ತಿಂಡಿ ಬೇಕೆಂದರೆ ಹೊಸಪೇಟೆಯಲ್ಲೇ ತಿಂದು ಹೊರಡಿ.

ದಾವಣಗೆರೆಯ ಬೆಣ್ಣೆ ದೋಸೆಗೆ ಹೊತ್ತಿನ ಕಟ್ಟು ಇಷ್ಟು ಬಿಗಿಯಾಗಿಲ್ಲ, ಆದರೆ ತಿನ್ನುವ ಕ್ರಮ ಗೊತ್ತಿರಬೇಕು. ಬೆಳಗಾವಿ ಕಡೆಯಿಂದ ಬಂದು ನೆಲೆಸಿದ ಚೆನ್ನಮ್ಮ ಎಂಬ ತಾಯಿಯ ಅಂಗಡಿಯಿಂದ ಇದು ಶುರುವಾಯಿತು ಎಂದು ಆ ಊರಿನವರು ಹೇಳುತ್ತಾರೆ. ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ. ಒಳಗೆ ಮೆತ್ತಗೆ, ಹೊರಗೆ ಗರಿಗರಿ ಬರುವುದು ಅದರಿಂದ. ಸೌದೆ ಒಲೆಯ ದಪ್ಪ ಕಾವಲಿಯ ಮೇಲೆ ಬೆಣ್ಣೆ ಧಾರಾಳವಾಗಿ ಬೀಳುತ್ತದೆ. ಜೊತೆಗೆ ಅರಿಶಿನವಿಲ್ಲದ ಬಿಳಿ ಆಲೂಗಡ್ಡೆ ಪಲ್ಯ, ಹಸಿಮೆಣಸಿನ ಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ, ಆ ತಟ್ಟೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಇಬ್ಬರು ಹೋದರೆ ಒಂದು ಬೆಣ್ಣೆ ದೋಸೆ, ಒಂದು ಖಾಲಿ ದೋಸೆ ಹೇಳಿ ಹಂಚಿಕೊಳ್ಳಿ. ಒಬ್ಬೊಬ್ಬರು ಒಂದೇ ಸಲ ಎರಡೆರಡು ಹೇಳಿದರೆ ಎರಡನೆಯದು ತಣ್ಣಗಾಗುತ್ತದೆ. ಬೆಣ್ಣೆ ಗಟ್ಟಿಯಾದ ದೋಸೆಯಲ್ಲಿ ಆ ರುಚಿಯ ಅರ್ಧವೂ ಉಳಿಯುವುದಿಲ್ಲ.

ಮೈಸೂರಿನ ನಜರಬಾದಿನ ಮೈಲಾರಿ ದೋಸೆ ಇದಕ್ಕೆ ಪೂರ್ತಿ ಬೇರೆ ಜಾತಿ: ಸಣ್ಣದು, ಮೆತ್ತನೆಯದು, ಒಳಗೆ ಸಾಗು, ಮೇಲೊಂದು ತುಂಡು ಬೆಣ್ಣೆ. ಗರಿಗರಿಯಾಗಿಲ್ಲ ಎಂದು ಬೇಸರ ಪಡುವವರು ಬೇರೆ ದೋಸೆಯ ನಿರೀಕ್ಷೆ ಹೊತ್ತು ಬಂದವರು.

ಬೆಂಗಳೂರಿನಿಂದ ಮೈಸೂರಿಗೆ ಕಾರಿನಲ್ಲಿ ಹೋಗುವವರು ಒಂದು ವಿಷಯ ಗಮನಿಸಿ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬಳಸಿಕೊಂಡು ಹೋಗುತ್ತದೆ. ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ ದಾರಿಯಲ್ಲಿ ತಾವಾಗಿಯೇ ಎದುರಾಗುವ ಕಾಲ ಮುಗಿಯಿತು. ಬೆಂಗಳೂರು ಬಿಡುವಾಗಲೇ ತೀರ್ಮಾನಿಸಿ ಹಳೆಯ ರಸ್ತೆ ಹಿಡಿಯಬೇಕು, ತಪ್ಪಿದರೆ ಹಿಂದಿರುಗಿ ಬರುವುದು ಸುಲಭವಲ್ಲ. ತಟ್ಟೆ ಇಡ್ಲಿ ತಿನ್ನಬೇಕಾದ್ದು ಹಬೆಯಿಂದ ಇಳಿಸಿದ ಕೂಡಲೇ. ಅಗಲವಾಗಿರುವುದರಿಂದ ಗಾಳಿಗೆ ಮೇಲ್ಮೈ ಬೇಗ ಒಣಗಿ ಸಿಪ್ಪೆ ಕಟ್ಟುತ್ತದೆ. ಇಡ್ಲಿಗಳು ಈಗಾಗಲೇ ಜೋಡಿಸಿಟ್ಟಿದ್ದರೆ "ಮುಂದಿನ ಒಬ್ಬೆ ಎಷ್ಟೊತ್ತಿಗೆ?" ಎಂದು ಕೇಳಿ ಕಾಯಿರಿ. ಒಂದು ಒಬ್ಬೆ ಬೇಯಲು ಹದಿನೈದು ನಿಮಿಷದ ಆಸುಪಾಸು ಸಾಕು. ತುಮಕೂರಿನ ದಾರಿಯಲ್ಲಿ ಹೋಗುವವರಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ ಇದೆ, ಇದೇ ಮಾತು ಅಲ್ಲಿಗೂ ಸಲ್ಲುತ್ತದೆ.

ಕರಾವಳಿಗೆ ಹೋದರೆ ಮಸಾಲೆ ದೋಸೆಯನ್ನು ಒಂದು ದಿನ ಮರೆತುಬಿಡಿ. ಉಡುಪಿ ಎಂದರೆ ಮಸಾಲೆ ದೋಸೆ ಎಂಬ ಹೆಸರು ಲೋಕಕ್ಕೆಲ್ಲ ಹಬ್ಬಿರಬಹುದು, ಆದರೆ ಆ ಸೀಮೆಯ ಬೆಳಗು ಅದಕ್ಕಿಂತ ದೊಡ್ಡದು. ಮಂಗಳೂರು, ಉಡುಪಿಯ ಸಣ್ಣ ಹೋಟೆಲುಗಳಲ್ಲಿ ಬನ್ಸ್ ಇರುತ್ತದೆ, ನೀರು ದೋಸೆ ಇರುತ್ತದೆ, ಸಜ್ಜಿಗೆ-ಬಜಿಲ್ ಇರುತ್ತದೆ. ಸಜ್ಜಿಗೆ ಎಂದರೆ ಉಪ್ಪಿಟ್ಟು, ಬಜಿಲ್ ಎಂದರೆ ಖಾರ ಹಚ್ಚಿದ ಅವಲಕ್ಕಿ. ಎರಡನ್ನೂ ಕಲಸಿಯೇ ತಿನ್ನಬೇಕು, ಬೇರೆ ಬೇರೆ ತಿಂದರೆ ಅದರ ಗುಟ್ಟು ಸಿಗುವುದಿಲ್ಲ. ಬನ್ಸಿಗೆ ಕಳಿತ ಬಾಳೆಹಣ್ಣು, ಮೊಸರು, ಸಕ್ಕರೆ, ಮೈದಾ ಕಲಸಿ ರಾತ್ರಿಯಿಡೀ ಬಿಡುತ್ತಾರೆ. ಹೀಗೆ ಮಾಡಿದ್ದು ಎಣ್ಣೆಯಲ್ಲಿ ಉಬ್ಬಿ, ಒಳಗೆ ಜಾಳಿಜಾಳಿಯಾಗಿ ಬರುತ್ತದೆ. ಆತುರಕ್ಕೆ ಸೋಡಾ ಹೆಚ್ಚು ಹಾಕಿದ್ದು ಎಣ್ಣೆ ಕುಡಿಯುತ್ತದೆ. ಮುರಿದ ಬೆರಳಿಗೆ ಎಣ್ಣೆ ಜಿನುಗಿದರೆ ಎರಡನೆಯದನ್ನು ಹೇಳಬೇಡಿ. ಎಲೆಯ ಕೊಟ್ಟೆಯಲ್ಲಿ ಇಡ್ಲಿ ಹಿಟ್ಟು ಹೊಯ್ದು ಬೇಯಿಸುವ ಕೇದಗೆ ಎಲೆಯ ಮೂಡೆ, ಹಲಸಿನ ಎಲೆಯ ಗುಂಡ ದಿನವೂ ಸಿಗುವುದಿಲ್ಲ. ಎಲೆ ಸುತ್ತುವ ಕೆಲಸ ದೊಡ್ಡದು, ಅಷ್ಟಮಿ, ಚೌತಿಯಂಥ ಹಬ್ಬದ ಸುತ್ತಮುತ್ತ ಹೆಚ್ಚು. "ಮೂಡೆ ಯಾವ ದಿನ ಮಾಡ್ತೀರಿ?" ಎಂದು ಹಿಂದಿನ ದಿನವೇ ವಿಚಾರಿಸಿ.

ಕೊಡಗಿನ ಮಾತು ಬೇರೆ. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಅಕ್ಕಿ ಒಟ್ಟಿಯಂಥ ಅಲ್ಲಿನ ಅಕ್ಕಿಯ ತಿಂಡಿಗಳು ಬೀದಿಯಲ್ಲಿ ಹುಡುಕುವಂಥವಲ್ಲ, ಮನೆಯವು. ಮಡಿಕೇರಿಯ ಪೇಟೆಯಲ್ಲಿ ಅಲೆದು ಹೊತ್ತು ಕಳೆಯುವ ಬದಲು ಹೋಂಸ್ಟೇಯಲ್ಲಿ ಉಳಿದು, ರಾತ್ರಿ ಊಟದ ಹೊತ್ತಿಗೇ "ನಾಳೆ ನಿಮ್ಮ ಮನೆಯಲ್ಲಿ ಮಾಡುವುದನ್ನೇ ಮಾಡಿ" ಎಂದು ಹೇಳಿ. ಹೇಳದಿದ್ದರೆ ಅತಿಥಿಗೆ ಇಷ್ಟವಾಗಲೆಂದು ಬ್ರೆಡ್ಡು-ಆಮ್ಲೆಟ್ ಇಟ್ಟುಬಿಡುತ್ತಾರೆ. ಮಲೆನಾಡಿನ ಅಕ್ಕಿ ರೊಟ್ಟಿ, ಕಡುಬಿಗೂ ಇದೇ ದಾರಿ.

ಬೆಂಗಳೂರಿಗೆ ಬರುವವರು ಎಡವುವುದು ಹೋಟೆಲುಗಳ ವಾರದ ರಜೆ ತಿಳಿಯದೆ. 1943ರಲ್ಲಿ ಶುರುವಾದ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಬಹುಕಾಲದಿಂದ ಶುಕ್ರವಾರ ರಜೆ. 1924ರ ಎಂಟಿಆರ್‌ನ ಲಾಲ್‌ಬಾಗ್ ರಸ್ತೆಯ ಹೋಟೆಲಿಗೆ ಸೋಮವಾರ ರಜೆ. ಇಂಥ ಹಳೆಯ ಜಾಗಗಳಿಗೆ ಭಾನುವಾರ ಎಂಟರ ಮೇಲೆ ಹೋದರೆ ಗಂಟೆಗಟ್ಟಲೆ ಕಾಯಬೇಕಾಗಬಹುದು. ವಾರದ ನಡುವೆ ಏಳಕ್ಕೇ ಹೋದರೆ ಅದೇ ದೋಸೆ, ಅದೇ ರವೆ ಇಡ್ಲಿ ನೆಮ್ಮದಿಯಾಗಿ ತಿನ್ನಬಹುದು. ರವೆ ಇಡ್ಲಿ ಹುಟ್ಟಿದ್ದೇ ಎಂಟಿಆರ್‌ನಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ. ಮಾಂಸ ತಿನ್ನುವವರಿಗೆ ಹೊಸಕೋಟೆಯ ದಮ್ ಬಿರಿಯಾನಿ ಇದೆ. ಭಾನುವಾರ ಸೂರ್ಯ ಹುಟ್ಟುವ ಮುಂಚೆಯೇ ಅಲ್ಲಿ ಸಾಲು ನಿಂತಿರುತ್ತದೆ, ಆರೂವರೆಗೆ ಎದ್ದು ಹೊರಟರೆ ತಡವಾಯಿತೆಂದೇ ಲೆಕ್ಕ.

ಜಾಗ ಸಿಕ್ಕಿತು, ಬಾಗಿಲಲ್ಲಿ ನಿಂತಿದ್ದೀರಿ. ಒಳಗೆ ಹೋಗಬೇಕೋ ಬೇಡವೋ? ಒಂದು ನಿಮಿಷ ನಿಂತು ನೋಡಿ. ಗೋಡೆಯ ಬೋರ್ಡಿನಲ್ಲಿ ಹತ್ತಕ್ಕಿಂತ ಕಡಿಮೆ ಸಾಲು ಇದ್ದರೆ ಒಳ್ಳೆಯದು. ಸುತ್ತಲಿನವರು ಒಂದೇ ಬಗೆ ತಿನ್ನುತ್ತಿದ್ದರೆ ಇನ್ನೂ ಒಳ್ಳೆಯದು, ನೀವೂ ಅದನ್ನೇ ಹೇಳಿ. ಮನೆಯಿಂದ ಸ್ಟೀಲ್ ಡಬ್ಬಿ ತಂದು ಕಟ್ಟಿಸಿಕೊಂಡು ಹೋಗುವವರು ಕಂಡರೆ ಅದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ. ಚಟ್ನಿ ಬಕೆಟ್ಟಿನ ಅಂಚಿನಲ್ಲಿ ಒಣಗಿದ ಪದರ ಕಟ್ಟಿದ್ದರೆ, ಸಾಂಬಾರಿನಿಂದ ಹಬೆ ಏಳದಿದ್ದರೆ, ಎಷ್ಟೇ ಹೆಸರಿದ್ದರೂ ಕಾಫಿ ಕುಡಿದು ಮುಂದೆ ನಡೆಯಿರಿ. ಮೊಬೈಲನ್ನು ಪೂರ್ತಿ ಬಿಡಬೇಕಾಗಿಲ್ಲ. ಸ್ಟಾರ್ ಬಿಟ್ಟು ಫೋಟೊಗಳನ್ನು ನೋಡಿ: ಜನ ಹಾಕಿದ ಚಿತ್ರಗಳಲ್ಲಿ ಹತ್ತಕ್ಕೆ ಏಳು ಒಂದೇ ತಿಂಡಿಯದಾಗಿದ್ದರೆ ಆ ಜಾಗದ ಕೈ ಯಾವುದರಲ್ಲಿ ಪಳಗಿದೆ ಎಂದು ತಿಳಿಯುತ್ತದೆ. ಕನ್ನಡದಲ್ಲಿ ಬರೆದ ಅಭಿಪ್ರಾಯಗಳನ್ನು ಮೊದಲು ಓದಿ, ಅವು ಹೆಚ್ಚಾಗಿ ಊರಿನವರದ್ದೇ. ಬೋರ್ಡಿನ ಫೋಟೊ ಇದ್ದರೆ ಹೊತ್ತು, ರಜೆ ಎರಡೂ ಅಲ್ಲೇ ಸಿಗುತ್ತವೆ.

ಲಾಡ್ಜಿನ ಬಾಡಿಗೆಯಲ್ಲೇ ಬೆಳಗಿನ ತಿಂಡಿ ಸೇರಿದ್ದರೆ ಅದನ್ನು ಬಿಡಲು ಮನಸ್ಸು ಬರುವುದಿಲ್ಲ. ಅಂಥಲ್ಲಿ ಒಂದು ಲೋಟ ಕಾಫಿ, ಒಂದು ಹಣ್ಣಿಗೆ ನಿಲ್ಲಿಸಿ. ಹೊಟ್ಟೆ ಅರ್ಧ ಖಾಲಿ ಇದ್ದರೆ ಊರೊಳಗೆ ಎರಡು ಕಡೆ ತಿನ್ನಬಹುದು, ಒಂದು ಕಡೆ ಇಡ್ಲಿ, ಕಿಲೋಮೀಟರ್ ನಡೆದು ಇನ್ನೊಂದು ಕಡೆ ದೋಸೆ.

ತಡವಾಗಿ ಏಳುವ ಗುಂಪು ನಿಮ್ಮದಾದರೆ, ಹನ್ನೊಂದೂವರೆಗೆ ಉಳಿದ ಹಿಟ್ಟಿನ ದೋಸೆಯನ್ನು ಬೆನ್ನತ್ತುವುದಕ್ಕಿಂತ ತಿಂಡಿಯ ಆಸೆಯನ್ನು ಆ ದಿನ ಬಿಡುವುದೇ ಮೇಲು. ಉತ್ತರ ಕರ್ನಾಟಕದಲ್ಲಿದ್ದರೆ ಒಂದು ಚಹಾ ಕುಡಿದು, ಹನ್ನೆರಡೂವರೆಗೆ ಖಾನಾವಳಿಯ ಮೊದಲ ಪಂಕ್ತಿಗೆ ಕುಳಿತುಕೊಳ್ಳಿ. ಆ ಹೊತ್ತಿಗೆ ಜೋಳದ ರೊಟ್ಟಿ ಬಡಿಯುತ್ತಿರುತ್ತಾರೆ, ಎಣ್ಣೆಗಾಯಿ ಪಲ್ಯ ಆಗಷ್ಟೇ ಇಳಿದಿರುತ್ತದೆ. ಖಾನಾವಳಿಗೆ ಬೆಳಿಗ್ಗೆ ಎಂಟಕ್ಕೆ ಹೋಗಿ ತಿಂಡಿ ಕೇಳಿ ವಾಪಸಾಗುವವರೂ ಇದ್ದಾರೆ, ಅದು ಊಟದ ಜಾಗ.

ಪಾರ್ಸೆಲ್ ಬಗ್ಗೆ ಒಂದು ಮಾತು. ದೋಸೆ ಕಟ್ಟಿಸಬೇಡಿ, ಪೊಟ್ಟಣದೊಳಗಿನ ಹಬೆಗೆ ಐದು ನಿಮಿಷದಲ್ಲಿ ತೊಯ್ದು ಮೆತ್ತಗಾಗುತ್ತದೆ. ದಾರಿಗೆ ಬೇಕೆಂದರೆ ಇಡ್ಲಿ ಅಥವಾ ಮದ್ದೂರು ವಡೆ ಕಟ್ಟಿಸಿ. ಕಾಯಿ ಚಟ್ನಿಯ ಬದಲು ಚಟ್ನಿಪುಡಿ ಕೇಳಿ, ಬೇಸಿಗೆಯ ಕಾರಿನೊಳಗೆ ಕಾಯಿ ಚಟ್ನಿ ಎರಡು ಗಂಟೆ ತಡೆಯುವುದೂ ಕಷ್ಟ.